ಏಳು ದಿನ, ಹನ್ನೊಂದು ಮೀನು ಮತ್ತು ನಮ್ಮ ಮಕ್ಕಳ ರಜೆ

ಶಾಲೆಯ ದೊಡ್ಡ ರಜೆ ಯಾವಾಗ ಇರಬೇಕು? ಈಗ ಇರುವ ಹಾಗೆ ಏಪ್ರಿಲ್-ಮೇ ತಿಂಗಳಲ್ಲೋ ಅಥವಾ ಜೂನ್-ಜುಲೈಯಲ್ಲೋ? 2025ರ ಜುಲೈ ಕೊನೆಗೆ ಕೇರಳದ ಶಿಕ್ಷಣ ಮಂತ್ರಿ ವಿ. ಶಿವನ್‌ಕುಟ್ಟಿಯವರು ಈ ಪ್ರಶ್ನೆಯನ್ನು ಸಾರ್ವಜನಿಕ ಚರ್ಚೆಗೆ ಇಟ್ಟರು. ಜೂನ್-ಜುಲೈಯಲ್ಲಿ ಜೋರು ಮಳೆ ಬಂದಾಗಲೆಲ್ಲ ಶಾಲೆಗೆ ರಜೆ ಕೊಡಬೇಕಾಗುತ್ತದೆ, ಪಾಠ ಹಿಂದೆ ಬೀಳುತ್ತದೆ, ಹಾಗಾದರೆ ದೊಡ್ಡ ರಜೆಯನ್ನೇ ಮಳೆಗಾಲಕ್ಕೆ ಸರಿಸಿದರೆ ಹೇಗೆ ಎಂಬುದು ಅದರ ಸಾರ. ಪ್ರಶ್ನೆ ಎದ್ದದ್ದೇ ತಡ, ಬಸ್ ಸ್ಟ್ಯಾಂಡಿನಿಂದ ಹಿಡಿದು ನಮ್ಮ ಸ್ಟಾಫ್ ರೂಮಿನವರೆಗೆ ಎಲ್ಲ ಕಡೆ ಎರಡು ಪಕ್ಷವಾಯಿತು.

ನಾನು ಬೇಸಿಗೆ ರಜೆಯ ಪಕ್ಷ. ಮಾವು, ಹಲಸು, ಗೇರುಹಣ್ಣು ಎಂದು ಎಲ್ಲರೂ ಹೇಳುವ ಕಾರಣಗಳು ನನಗೂ ಒಪ್ಪಿಗೆಯೇ. ಆದರೆ ನನ್ನ ದೊಡ್ಡ ಕಾರಣ ಹೊಳೆ. ಆ ಚರ್ಚೆ ಏಳುವುದಕ್ಕೆ ಮೂರು ತಿಂಗಳು ಮೊದಲು, 2025ರ ಬಿಸುವಿನ ಮರುದಿನದಿಂದ ಒಂದು ವಾರ, ನಾವು ನಾಲ್ವರು ಶಿರಿಯ ಹೊಳೆಯಲ್ಲಿ ಗಾಳ ಹಾಕಿದ್ದೆವು. ನಾನು, ನನ್ನ ಅಳಿಯ, ನೆರೆಮನೆಯ ಇಬ್ಬರು ಮಕ್ಕಳು. ಒಬ್ಬ ಏಳನೆಯ ಕ್ಲಾಸು, ಒಬ್ಬಳು ಒಂಬತ್ತನೆಯದು. ಅಳಿಯ ಗಲ್ಫಿನಿಂದ ರಜೆಗೆ ಬಂದವನು ಇಬ್ಬರು ಕೂರುವ ಒಂದು ಹಳೆಯ ಪ್ಲಾಸ್ಟಿಕ್ ಕಯಾಕ್ ಕೊಂಡಿದ್ದ. ನಮ್ಮ ಹಳೆಯ ಪಾತಿದೋಣಿಯ ಮೊಮ್ಮಗಳು ಅಂತಿಟ್ಟುಕೊಳ್ಳಿ. ಮುಂದೆ ಒಂದು ಮಗು, ಹಿಂದೆ ಒಬ್ಬ ದೊಡ್ಡವ, ಇಬ್ಬರಿಗೂ ಲೈಫ್ ಜಾಕೆಟ್. ಉಳಿದಿಬ್ಬರು ದಡದಲ್ಲಿ. ಬೆಳಿಗ್ಗೆ ಆರಕ್ಕೆ ಇಳಿದರೆ ಒಂಬತ್ತಕ್ಕೆ ಮೇಲೆ. ಅದರ ಮೇಲೆ ಬಿಸಿಲು ತಡೆಯುವುದಿಲ್ಲ.

ಸುಮಾರು 67 ಕಿಲೋಮೀಟರ್ ಹರಿದು ಬರುವ ಶಿರಿಯ ಹೊಳೆ ಕುಂಬಳೆಯ ಹತ್ತಿರ ಕಡಲು ಸೇರುತ್ತದೆ. ಹೆದ್ದಾರಿ ಸೇತುವೆ ಮತ್ತು ರೈಲು ಸೇತುವೆ ದಾಟಿದ ಮೇಲೆ ಹೊಳೆ ಅಗಲವಾಗಿ, ಸೋಮಾರಿಯಾಗಿ ಮಲಗಿದ ಹಾಗೆ ಕಾಣುತ್ತದೆ. ಬೇಸಿಗೆಯಲ್ಲಿ ಮೇಲಿನಿಂದ ಸಿಹಿನೀರು ಬರುವುದು ಕಡಿಮೆಯಾದ ಕಾರಣ ಉಪ್ಪುನೀರು ಒಳಗೊಳಗೆ ಏರುತ್ತದೆ, ಅದರ ಜೊತೆ ಕಡಲಿನ ಮೀನೂ ಬರುತ್ತದೆ. ಅಳಿವೆಯ ಹತ್ತಿರ ನಮಗೆ ಗುರುವಾಗಿ ಸಿಕ್ಕಿದ್ದು ನಾವೆಲ್ಲ 'ಇಚ್ಚ' ಎಂದೇ ಕರೆಯುವ ಒಬ್ಬ ಹಿರಿಯರು. ಅರುವತ್ತು ವರ್ಷ ಬೀಸುಬಲೆ ಬೀಸಿದ ಕೈ ಅವರದ್ದು.

ಇನ್ನು ವಾರದ ಲೆಕ್ಕ. ಹುಡುಗಿ ನೋಟ್ ಬುಕ್ಕಿನಲ್ಲಿ ಬರೆದಿಟ್ಟದ್ದನ್ನೇ ಇಲ್ಲಿ ಕೊಡುತ್ತೇನೆ.

ಮಂಗಳವಾರ, ಏನೂ ಇಲ್ಲ. ಗಾಳಕ್ಕೆ ಸಿಕ್ಕಿಸಿದ ಎಟ್ಟಿಯನ್ನೆಲ್ಲ ಏಡಿಗಳು ಬಿಡಿಸಿಕೊಂಡು ತಿಂದವು. ಬುಧವಾರ ಸೇತುವೆಯ ಕಂಬದ ಹತ್ತಿರ ನೀರು ಏರುವ ಹೊತ್ತಿಗೆ ಮೂರು. ಒಂದು ಕರಿಮೀನು, ಅಂಗೈಯಷ್ಟೂ ಇಲ್ಲದ ಎರಡು ಕೆಂಬೇರಿ ಮರಿ. ಗುರುವಾರ ಅಳಿವೆಯ ಮರಳಿನ ಬದಿಯಲ್ಲಿ ಐದು ಕಾಣೆ, ಅದೂ ಅರ್ಧ ಗಂಟೆಯಲ್ಲಿ! ಶುಕ್ರವಾರ ಅದೇ ಜಾಗ, ಅದೇ ಎಟ್ಟಿ, ಅದೇ ಗಾಳ, ಆದರೆ ಒಂದೂ ಇಲ್ಲ. ಶನಿವಾರ ಕಾಂಡ್ಲಾ ಗಿಡಗಳ ಬೇರಿನ ಹತ್ತಿರ ಒಂದೇ ಒಂದು ಕಾಳಾಂಜಿ, ಆದರೆ ನಾಲ್ಕು ಮನೆಗೆ ಸಾರಿಗಾಗುವಷ್ಟು. ಭಾನುವಾರ ಬೆಳಿಗ್ಗೆಯೇ ಗುಡುಗು ಶುರುವಾಯಿತು, ನೀರಿಗೆ ಇಳಿಯಲೇ ಇಲ್ಲ. ಸೋಮವಾರ ಒಂದು ತೇಡೆ, ಒಂದು ಹೊಟ್ಟೆ ಊದಿಸುವ ಮೀನು.

ಒಟ್ಟು ಹನ್ನೊಂದು. ಕೆಂಬೇರಿ ಮರಿ ಎರಡನ್ನೂ ನೀರಿಗೆ ಬಿಟ್ಟೆವು. ವಿಷದ ಭಯದಿಂದ ಊದುವ ಮೀನನ್ನೂ ಬಿಟ್ಟೆವು. ಅಡುಗೆ ಮನೆಗೆ ಹೋದದ್ದು ಎಂಟು. ಪೇಟೆಯಲ್ಲಿ ಕೊಂಡಿದ್ದರೆ ಎಟ್ಟಿಗೆ ಕೊಟ್ಟ ಹಣದಲ್ಲೇ ಇದಕ್ಕಿಂತ ಹೆಚ್ಚು ಬೂತಾಯಿ ಬರುತ್ತಿತ್ತು ಎಂದು ಮನೆಯಾಕೆಯ ಟೀಕೆ. ನಿಜವೇ!

ಶುಕ್ರವಾರ ಖಾಲಿ ಕೈಯಲ್ಲಿ ಬಂದಾಗ ಹುಡುಗ, "ಇವತ್ತು ಅದೃಷ್ಟ ಇಲ್ಲ ಮಾಷೇ" ಎಂದ. ಇಚ್ಚ ನಕ್ಕು ಮಲಯಾಳದಲ್ಲಿ ಹೇಳಿದ್ದರ ತಾತ್ಪರ್ಯ ಇಷ್ಟು: ಅದೃಷ್ಟ ಮೀನಿಗೆ, ನಿನಗೆ ಇರಬೇಕಾದದ್ದು ಲೆಕ್ಕ. ನಿನ್ನೆ ನೀರು ಯಾವಾಗ ತಿರುಗಿತು, ಇವತ್ತು ಯಾವಾಗ ತಿರುಗಿತು ಎಂದು ನೋಡಿದ್ದೀಯಾ?

ಹುಡುಗಿಯ ನೋಟ್ ಬುಕ್ಕು ತೆರೆದೆವು. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಚಂದ್ರ ಭೂಮಿಗೆ ಸುತ್ತು ಬರುತ್ತಾ ದಿನಾ ಸ್ವಲ್ಪ ಮುಂದೆ ಹೋಗಿರುತ್ತಾನೆ, ಹಾಗಾಗಿ ನಮ್ಮ ಊರು ತಿರುಗಿ ಅವನ ಎದುರು ಬರಲು ಅಷ್ಟು ಹೊತ್ತು ಹೆಚ್ಚು ಬೇಕು. ಹುಣ್ಣಿಮೆ-ಅಮಾವಾಸ್ಯೆಗೆ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿನಲ್ಲಿ ಬರುವುದರಿಂದ ನೀರು ಜೋರಾಗಿ ಏರಿ ಜೋರಾಗಿ ಇಳಿಯುತ್ತದೆ, ಅಷ್ಟಮಿಯ ಹೊತ್ತಿಗೆ ಸಪ್ಪೆ. ನಾವು ಇಳಿದದ್ದು ಹುಣ್ಣಿಮೆ ಕಳೆದು ಮೂರನೆಯ ದಿನ, ಮುಗಿಸಿದ್ದು ಅಷ್ಟಮಿಗೆ. ಮೊದಲ ದಿನಗಳಲ್ಲಿ ನಮ್ಮ ಬೆಳಗಿನ ಹೊತ್ತು ಏರುನೀರು, ವಾರದ ಕೊನೆಗೆ ಅದೇ ಹೊತ್ತು ಇಳಿನೀರು, ಅದೂ ಸೆಳೆತ ಇಲ್ಲದ್ದು. ಹೊಳೆಯ ಮೀನು ನಮ್ಮ ಗಡಿಯಾರ ನೋಡುವುದಿಲ್ಲ, ನೀರಿನದ್ದನ್ನು ನೋಡುತ್ತದೆ. ಗಾಳಿ, ನೀರಿನ ಬಿಸಿ, ಕೆಸರು ಇವೂ ಸೇರುತ್ತವೆ ಬಿಡಿ, ಎಲ್ಲವನ್ನೂ ಒಂದು ವಾರದಲ್ಲಿ ತೀರ್ಮಾನಿಸಲು ಆಗದು. ಆದರೆ ಖಾಲಿ ಬಂದ ದಿನವನ್ನೂ ಬರೆದಿಟ್ಟರೆ ಮಾತ್ರ ಸಿಕ್ಕಿದ ದಿನಕ್ಕೆ ಅರ್ಥ ಬರುತ್ತದೆ ಎಂಬುದು ಆ ಇಬ್ಬರಿಗೆ ತಿಳಿಯಿತು. ಉಬ್ಬರ-ಇಳಿತದ ಚಿತ್ರವನ್ನು ನಾನು ಬೋರ್ಡಿನ ಮೇಲೆ ಎಷ್ಟೋ ವರ್ಷ ಬರೆದಿದ್ದೇನೆ. ಶುಕ್ರವಾರದ ಖಾಲಿ ಬುಟ್ಟಿಯಷ್ಟು ಚೆನ್ನಾಗಿ ಅದು ಯಾರಿಗೂ ಪಾಠ ಹೇಳಿರಲಿಕ್ಕಿಲ್ಲ.

ಕೆಂಬೇರಿ ಮರಿಗಳನ್ನು ಬಿಟ್ಟಾಗಲೂ ಒಂದು ಪಾಠವಾಯಿತು. ಬಿಡುವುದು ಯಾಕೆ ಎಂದು ಹುಡುಗ ಜಗಳಕ್ಕೇ ಬಂದ. ಮರಿಮೀನು ಹಿಡಿಯಬಾರದು ಎಂದು ಕೇರಳದಲ್ಲಿ ಕಾನೂನೇ ಇದೆ, ಬೂತಾಯಿ 10 ಸೆಂಟಿಮೀಟರಿಗಿಂತ, ಬಂಗುಡೆ 14 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಹಿಡಿಯುವ ಹಾಗಿಲ್ಲ ಎಂದೆ. ಮರುದಿನ ಅವನ ಕಿಸೆಯಲ್ಲಿ ಸ್ಕೇಲ್ ಇತ್ತು!

ಇನ್ನು ಭಾಷೆ. ದೋಣಿಯಲ್ಲಿ ಮಾತು ತುಳು, ದಡದಲ್ಲಿ ಮಲಯಾಳ, ಬರೆಯುವುದು ಕನ್ನಡದಲ್ಲಿ. ಬೂತಾಯಿ ಎಂದರೆ ಇಚ್ಚನಿಗೆ ಮತ್ತಿ, ಉತ್ತರ ಕನ್ನಡದವರಿಗೆ ತಾರ್ಲಿ. ಬಂಗುಡೆ ಎಂದರೆ ಅಯಲ. ಎಟ್ಟಿ ಎಂದರೆ ಸಿಗಡಿ, ಚೆಮ್ಮೀನ್. ಡೆಂಜಿ ಎಂದರೆ ಏಡಿ, ಞಂಡ್. ವಾರ ಮುಗಿಯುವಾಗ ನೋಟ್ ಬುಕ್ಕಿನ ಕೊನೆಯ ಪುಟದಲ್ಲಿ ಮೂರು ಕಾಲಮ್ಮಿನ ಪಟ್ಟಿ ತಯಾರಾಗಿತ್ತು. ಕನ್ನಡ ಮಾಧ್ಯಮದ ಮಕ್ಕಳು ಹಿಂದುಳಿಯುತ್ತಾರೆ ಎನ್ನುವವರು ಒಮ್ಮೆ ಆ ಪಟ್ಟಿ ನೋಡಬೇಕು. ಒಂದು ಮೀನನ್ನು ಮೂರು ಭಾಷೆಯಲ್ಲಿ ಕರೆಯಬಲ್ಲ ಮಗು ಯಾವ ಲೆಕ್ಕದಲ್ಲಿ ಹಿಂದೆ?

ಈಗ ಮುಖ್ಯ ಮಾತಿಗೆ ಬರುತ್ತೇನೆ. ಈ ಏಳು ದಿನಗಳನ್ನು ಜೂನ್-ಜುಲೈಗೆ ಎತ್ತಿ ಇಟ್ಟು ನೋಡಿ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಮಳೆಗಾಲದ ನಾಲ್ಕು ತಿಂಗಳಲ್ಲೇ. ಹೊಳೆ ಕೆಂಪಗೆ, ಮರ ಮುಟ್ಟು ಹೊತ್ತುಕೊಂಡು ಓಡುತ್ತಿರುತ್ತದೆ. ಅಳಿವೆಯ ಹತ್ತಿರ ಹೋಗುವುದೇ ಬೇಡ. ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಕೇರಳದಲ್ಲಿ ಟ್ರಾಲ್ ಬೋಟುಗಳಿಗೂ ನಿಷೇಧ. ಅದು ಮೀನಿನ ಸಂತಾನ ಉಳಿಯಲಿ ಎಂದು ಮಾಡಿದ್ದು. ಹೊಳೆ, ಕಡಲು, ಗುಡ್ಡ ಎಲ್ಲವೂ ಬಾಗಿಲು ಹಾಕಿದ ತಿಂಗಳುಗಳಲ್ಲಿ ಮಕ್ಕಳಿಗೆ ರಜೆ ಕೊಟ್ಟರೆ ಅವರಿಗೆ ಉಳಿಯುವುದು ಒಂದೇ, ಮೊಬೈಲು.

ಗಡಿನಾಡಿನ ನಮಗೆ ಇನ್ನೊಂದು ನಷ್ಟವಿದೆ. ತಿರುವನಂತಪುರದಲ್ಲಿ ಕೂತವರಿಗೆ ಇದು ಹೊಳೆಯಲಿಕ್ಕಿಲ್ಲ, ನಾವೇ ಹೇಳಬೇಕು. ಕರ್ನಾಟಕದ ಶಾಲೆಗಳಿಗೆ ದೊಡ್ಡ ರಜೆ ಏಪ್ರಿಲ್-ಮೇಯಲ್ಲಿ. ನಮ್ಮ ಮಕ್ಕಳ ಅಜ್ಜಿಮನೆ, ಅತ್ತೆಮನೆ, ಮಾವನ ಮನೆ ಇರುವುದು ಪುತ್ತೂರು, ಸುಳ್ಯ, ಬಂಟ್ವಾಳ, ಮಂಗಳೂರುಗಳಲ್ಲಿ. ಈಗ ಎರಡೂ ಕಡೆಯ ರಜೆ ಒಟ್ಟಿಗೆ ಬರುವುದರಿಂದ ಮಕ್ಕಳು ಸೇರುತ್ತಾರೆ. 1956ರ ನವೆಂಬರ್ 1ರಂದು ರಾಜ್ಯದ ಗೆರೆ ನಮ್ಮ ನಡುವೆ ಬಿತ್ತು, ಆದರೆ ಬೇಸಿಗೆಯ ಅಜ್ಜಿಮನೆಗೆ ಯಾರೂ ಗೆರೆ ಎಳೆದಿರಲಿಲ್ಲ. ನಮ್ಮ ರಜೆ ಜೂನ್-ಜುಲೈಗೆ ಹೋದರೆ ಇಲ್ಲಿಯವರಿಗೆ ರಜೆ ಇರುವಾಗ ಅಲ್ಲಿ ಕ್ಲಾಸು, ಅಲ್ಲಿ ರಜೆ ಇರುವಾಗ ಇಲ್ಲಿ ಕ್ಲಾಸು. ಮಕ್ಕಳು ದಿನವಿಡೀ ಕನ್ನಡ, ತುಳು ಕೇಳುತ್ತಾ ಬೆಳೆಯುವ ಆ ಎರಡು ತಿಂಗಳಿಗೆ ಯಾವ ಪಠ್ಯಪುಸ್ತಕವೂ ಬದಲಿಯಲ್ಲ. ಯಕ್ಷಗಾನ ಮೇಳಗಳ ತಿರುಗಾಟ, ಕೋಲ, ನೇಮ ಎಲ್ಲ ಮೇ ಕೊನೆಯ ಪತ್ತನಾಜೆಗೆ ಮುಗಿಯುತ್ತವೆ. ಪಾರ್ತಿಸುಬ್ಬನ ಕುಂಬಳೆಯ ಮಕ್ಕಳು ರಾತ್ರಿ ಆಟ ನೋಡಿ ಬೆಳಿಗ್ಗೆ ಕ್ಲಾಸಿನಲ್ಲಿ ತೂಕಡಿಸಬೇಕೇ?

ಎದುರು ಪಕ್ಷದ ಮಾತಿನಲ್ಲೂ ಹುರುಳಿದೆ, ಅದನ್ನು ತಳ್ಳಿಹಾಕುವುದಿಲ್ಲ. ಮಳೆ ರಜೆಯಿಂದ ನಮ್ಮ ಜಿಲ್ಲೆಗೆ ಪಾಠ ನಷ್ಟವಾಗುತ್ತದೆ, ನಿಜ. ತೋಡು ದಾಟಿ ಬರುವ ಚಿಕ್ಕ ಮಕ್ಕಳ ಬಗ್ಗೆ ತಂದೆತಾಯಿಗೆ ಭಯ, ಅದೂ ನಿಜ. ಆದರೆ ಏಪ್ರಿಲ್-ಮೇಯ ಸೆಕೆಯಲ್ಲಿ ಹಂಚಿನ, ಶೀಟಿನ ಮಾಡಿನ ಕೆಳಗೆ, ಬಾವಿ ಬತ್ತಿದ ಶಾಲೆಯಲ್ಲಿ ಮಕ್ಕಳನ್ನು ಕೂರಿಸುವುದು ಸುಲಭವೇ? ಮಳೆಯೂ ನಮ್ಮ ಕ್ಯಾಲೆಂಡರು ನೋಡಿ ಬರುವುದಿಲ್ಲ. 2025ರಲ್ಲಿ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂತು, ಆಗಸ್ಟಿನಲ್ಲೂ ಜೋರು ಮಳೆಯಾಗುವುದುಂಟು. ಎರಡು ತಿಂಗಳನ್ನೇ ಸರಿಸುವ ಬದಲು, ಮಳೆಗೆ ಹೋದ ದಿನಗಳನ್ನು ಆಯಾ ಜಿಲ್ಲೆಯೇ ಶನಿವಾರಗಳಲ್ಲಿ ತುಂಬಿಕೊಳ್ಳಲಿ. ಪಾಲಕ್ಕಾಡಿನ ಬಿಸಿಲಿಗೂ ಕಾಸರಗೋಡಿನ ಮಳೆಗೂ ಒಂದೇ ಔಷಧ ಬೇಡ.

ನೀರಿನ ಅಪಾಯದ ಮಾತೂ ಬರುತ್ತದೆ. ಪ್ರತಿ ಬೇಸಿಗೆಯಲ್ಲೂ ಹೊಳೆ, ಕೆರೆಗಳಲ್ಲಿ ಮುಳುಗಿದ ಮಕ್ಕಳ ಸುದ್ದಿ ಓದುತ್ತೇವೆ. 2023ರ ಮೇ 7ರಂದು ತಾನೂರಿನ ದೋಣಿ ದುರಂತದಲ್ಲಿ 22 ಜನ ಹೋದರು, ಅವರಲ್ಲಿ ಮಕ್ಕಳೂ ಇದ್ದರು. ಇದರಿಂದ ನಾನು ಕಲಿಯುವುದು ಮಕ್ಕಳನ್ನು ನೀರಿನಿಂದ ದೂರ ಇಡಬೇಕು ಎಂದಲ್ಲ. ಹೊಳೆ ಬದಿಯಲ್ಲಿ ಹುಟ್ಟಿದ ಮಗು ಹೇಗೂ ನೀರಿಗೆ ಇಳಿಯುತ್ತದೆ. ದೊಡ್ಡವರ ಜೊತೆ, ಲೈಫ್ ಜಾಕೆಟ್ ಹಾಕಿ, ಈಜು ಕಲಿತು, ನೀರಿನ ಸೆಳೆತ ತಿಳಿದು ಇಳಿಯಲಿ. ಅದನ್ನು ಕಲಿಸಲು ಹೊಳೆ ಶಾಂತವಾಗಿರುವ ತಿಂಗಳು ಬೇಕು, ಅದು ಬೇಸಿಗೆಯೇ. ಗುಡುಗಿದ ಭಾನುವಾರ ದಡದಲ್ಲೇ ಉಳಿಯುವುದೂ ಆ ಕಲಿಕೆಯ ಭಾಗ.

ತಂದೆತಾಯಿಗಳಲ್ಲೂ ಒಂದು ಮಾತು. ರಜೆ ಬೇಸಿಗೆಯಲ್ಲೇ ಉಳಿದರೂ ನಾವು ಅದನ್ನು ಟ್ಯೂಷನ್, ಕೋಚಿಂಗ್, ಕ್ಯಾಂಪುಗಳಿಂದ ತುಂಬಿಸಿದರೆ ಈ ವಾದಕ್ಕೆ ಬೆಲೆಯಿಲ್ಲ. ಎರಡು ತಿಂಗಳಲ್ಲಿ ಒಂದು ವಾರವಾದರೂ ಮಗುವನ್ನು ಊರಿನ ಕೆಲಸ ಬಲ್ಲ ಹಿರಿಯರೊಬ್ಬರ ಜೊತೆ ಬಿಡಿ. ಕಯಾಕೇ ಬೇಕೆಂದಿಲ್ಲ. ದಡದಿಂದ ಗಾಳ ಹಾಕಬಹುದು, ದೊಡ್ಡವರ ಜೊತೆ ಇಳಿತದ ಹೊತ್ತಿಗೆ ಮರುವಾಯಿ ಹೆಕ್ಕಬಹುದು. ಒಳನಾಡಿನವರಿಗೆ ತೋಟವಿದೆ, ಗುಡ್ಡವಿದೆ. ಕೈಯಲ್ಲಿ ಒಂದು ನೋಟ್ ಬುಕ್ಕು ಇದ್ದರೆ ಸಾಕು. ಏನೂ ಸಿಗದ ದಿನವನ್ನೂ ತಪ್ಪದೆ ಬರೆಯಲು ಹೇಳಿ.

ಅಧ್ಯಾಪಕ ಮಿತ್ರರೇ, ರಕ್ಷಕ-ಶಿಕ್ಷಕ ಸಂಘದವರೇ, ರಜೆಯ ವಿಷಯ ಮತ್ತೆ ಎದ್ದಾಗ ಕನ್ನಡ ಮಾಧ್ಯಮ ಶಾಲೆಗಳ ಕಡೆಯಿಂದ ಒಂದು ಮನವಿ ಹೋಗಬೇಕು. ಕರ್ನಾಟಕದ ರಜೆಯ ಜೊತೆ ನಮ್ಮ ರಜೆ ಹೊಂದಿಕೊಂಡಿರಲಿ ಎಂಬ ಒಂದು ಸಾಲು ಅದರಲ್ಲಿ ಇರಲೇಬೇಕು. ನಾವು ಬರೆಯದಿದ್ದರೆ ನಮ್ಮ ಪರವಾಗಿ ಬೇರೆ ಯಾರೂ ಬರೆಯುವುದಿಲ್ಲ. ನಿಮ್ಮ ಶಾಲೆಯಲ್ಲಿ ಈ ಬಗ್ಗೆ ಏನು ಅಭಿಪ್ರಾಯ? ನೀವೇನಂತೀರಿ?