ಪಟ್ಟಣದ ಬಾಳ್ವೆ: ಲಾಭವೆಷ್ಟು, ನಷ್ಟವೆಷ್ಟು?

ಮಕ್ಕಳ ಓದು ಮುಗಿದು ಬೆಂಗಳೂರಿನಲ್ಲಿ ಉದ್ಯೋಗ ದೊರೆತೊಡನೆ ಕೋಲಾರ ಸೀಮೆಯ ಅನೇಕ ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ. ಇರುವ ಮನೆಯನ್ನು ಮಾರಿ ರಾಜಧಾನಿಯಲ್ಲಿ ನೆಲೆಸುವುದೇ, ಇಲ್ಲಿಯೇ ಇದ್ದು ದಿನವೂ ಹೋಗಿಬರುವುದೇ? ಗೃಹಸ್ಥರು ಈ ಮಾತನ್ನು ನಮ್ಮೆದುರು ಇಟ್ಟಾಗ ನಾವು ಒಮ್ಮೆಗೇ ಉತ್ತರ ಹೇಳುವುದಿಲ್ಲ. ಲಾಭನಷ್ಟಗಳೆರಡನ್ನೂ ತೂಗಿ ನೋಡಿರೆನ್ನುತ್ತೇವೆ. ಈ ತಿಂಗಳು ಆ ತೂಕವನ್ನು ವಾಚಕ ಬಂಧುಗಳೊಡನೆ ಕೂಡಿ ಮಾಡೋಣ.

ಮೊದಲು ಅನುಕೂಲಗಳು. ಕೋಲಾರವು ಹಳ್ಳಿಯಲ್ಲ, ಮಹಾನಗರವೂ ಅಲ್ಲ. 2011ರ ಜನಗಣತಿಯಲ್ಲಿ ಅದರ ಜನಸಂಖ್ಯೆ 1 ಲಕ್ಷ 40 ಸಾವಿರದ ಒಳಗಿತ್ತು. ಜಿಲ್ಲಾ ಆಸ್ಪತ್ರೆ, ನ್ಯಾಯಾಲಯ, ಕಾಲೇಜುಗಳು, ಟಮಕದಲ್ಲಿ 1986ರಲ್ಲಿ ಆರಂಭವಾದ ವೈದ್ಯಕೀಯ ಮಹಾವಿದ್ಯಾಲಯ ಇವೆಲ್ಲವೂ ಕೈಗೆಟಕುವ ದೂರದಲ್ಲಿವೆ. ಟೊಮೇಟೊ ಮಂಡಿ ಊರಲ್ಲಿಯೇ ಇದೆ. ಶ್ರೀನಿವಾಸಪುರದ ಮಾವು ತೋಟದಿಂದ ನೇರವಾಗಿ ಮನೆಗೆ ಬರುತ್ತದೆ. ಬೀದಿಯಲ್ಲಿ ಆಡುವ ಮಗು ಕನ್ನಡದೊಡನೆ ತೆಲುಗನ್ನೂ ಕಲಿತುಬಿಡುತ್ತದೆ. ಇಂತಹ ಸಣ್ಣ ಊರುಗಳಲ್ಲಿ ಬುದ್ಧಿ ಬೆಳೆಯದೆಂಬ ಮಾತಿಗೆ ಆಧಾರವಿಲ್ಲ. ಡಿ.ವಿ. ಗುಂಡಪ್ಪನವರು 1887ರಲ್ಲಿ ಜನಿಸಿದ್ದು ಮುಳಬಾಗಿಲಿನಲ್ಲಿ. 1891ರಲ್ಲಿ ಜನಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರರು ಮಾಲೂರು ತಾಲ್ಲೂಕಿನವರು.

ಎಲ್ಲಕ್ಕೂ ಮಿಗಿಲಾದದ್ದು ಪರಿಚಯ. ಮನೆಯಲ್ಲಿ ಸಾವಾದರೆ ಹೇಳಿ ಕಳುಹಿಸುವ ಮೊದಲೇ ನಾಲ್ಕು ಜನ ಬಂದು ನಿಲ್ಲುತ್ತಾರೆ. ಅಂಗಡಿಯಾತನಿಗೆ ಮೂರು ತಲೆಮಾರಿನ ಹೆಸರು ಗೊತ್ತಿರುತ್ತದೆ. ವೃದ್ಧರಿಗೆ ಇದು ಔಷಧಕ್ಕಿಂತ ದೊಡ್ಡ ಆಸರೆ.

ಇನ್ನು ಪ್ರತಿಕೂಲಗಳು. ಅವನ್ನು ಮುಚ್ಚಿಡುವುದು ಸಲ್ಲದು. ಮೊದಲನೆಯದು ನೀರು. ಈ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಹಿರಿಯರು ಕಟ್ಟಿದ ಕೆರೆಗಳು ಒಣಗಿದಾಗ ಜನ ಕೊಳವೆ ಬಾವಿಗಳನ್ನು ಸಾವಿರ ಅಡಿಗೂ ಆಳಕ್ಕೆ ಇಳಿಸಿದರು. ಹಲವೆಡೆ ಆ ನೀರಿನಲ್ಲಿ ಫ್ಲೋರೈಡ್ ಕಾಣಿಸಿಕೊಂಡಿತು. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧಿಗೊಳಿಸಿ ಇಲ್ಲಿಯ ಕೆರೆಗಳಿಗೆ ಹರಿಸಲಾಯಿತು. ಅಂತರ್ಜಲ ಏರಿತೆಂದು ಸಂತೋಷಪಟ್ಟವರುಂಟು. ಮೂರನೆಯ ಹಂತದ ಶುದ್ಧೀಕರಣವಾಗಲೇಬೇಕೆಂದು ಹೋರಾಡಿದವರೂ ಉಂಟು. ಕೆರೆ ತುಂಬಿ ಕಾಣುವುದೊಂದು, ಆ ನೀರು ಕುಡಿಯಲು ಯೋಗ್ಯವಾಗುವುದು ಇನ್ನೊಂದು. 2023ರಲ್ಲಿ ಉದ್ಘಾಟನೆಗೊಂಡ ಯರಗೋಳು ಜಲಾಶಯವು ಕೋಲಾರ, ಮಾಲೂರು, ಬಂಗಾರಪೇಟೆಗಳ ಕುಡಿಯುವ ನೀರಿಗೆಂದೇ ಕಟ್ಟಿದ್ದು.

ಎರಡನೆಯದು ಉದ್ಯೋಗ ಮತ್ತು ಸಂಚಾರ. ಮಾಲೂರು ಬೆಂಗಳೂರಿನ ಮುಖ್ಯ ರೈಲುಮಾರ್ಗದಲ್ಲಿದೆ. ಕೋಲಾರದಿಂದ ರೈಲಿನಲ್ಲಿ ಹೋಗುವವರು ಬಂಗಾರಪೇಟೆಯನ್ನೋ ಚಿಕ್ಕಬಳ್ಳಾಪುರವನ್ನೋ ಸುತ್ತಬೇಕು. ಮುಳಬಾಗಿಲಿಗೆ ಹೆದ್ದಾರಿಯುಂಟು, ರೈಲಿಲ್ಲ. ಮೂರನೆಯದು, ನಾವು ಮೇಲೆ ಹೊಗಳಿದ ಪರಿಚಯದ ಇನ್ನೊಂದು ಮುಖ. ದುಃಖದಲ್ಲಿ ಓಡಿಬರುವ ನೆರೆಯವರೇ ರಾತ್ರಿ ಪಾಳಿ ಮುಗಿಸಿ ಬರುವ ಹೆಣ್ಣುಮಗಳನ್ನು ಕಿಟಕಿಯಿಂದ ಎಣಿಸುತ್ತಾರೆ. ನರಸಾಪುರದ ಕಾರ್ಖಾನೆಗಳಲ್ಲಿ ದುಡಿದು ಮನೆ ನಡೆಸುವ ಮಗಳಿಗೆ ಇಂತಹ ಮಾತು ಸಲ್ಲದು. ಕಾಯಕವನ್ನು ಗೌರವಿಸುವೆವೆನ್ನುವ ಮನೆಗಳಿಂದಲೇ ಆ ಮಾತು ಹೊರಟರೆ ಅದು ಇನ್ನೂ ಹೆಚ್ಚಿನ ಲೋಪ.

ಹಾಗಾದರೆ ಇಲ್ಲಿ ಮನೆ, ಅಲ್ಲಿ ದುಡಿಮೆ ಎಂಬ ನಡುದಾರಿ ಉತ್ತಮವೇ? ಕಾಗದದ ಮೇಲೆ ಅದು ಲಾಭವೆಂದೇ ತೋರುತ್ತದೆ. ಬಾಡಿಗೆ ಉಳಿಯುತ್ತದೆ, ಸಂಬಳ ಹೆಚ್ಚು ಬರುತ್ತದೆ. ಆದರೆ ಕೋಲಾರದಿಂದ ಬೆಂಗಳೂರಿಗೆ ಹತ್ತಿರ ಹತ್ತಿರ 70 ಕಿಲೋಮೀಟರು. ಬೆಳಗಿನ ಆರಕ್ಕೆ ಹೊರಟು ರಾತ್ರಿ ಒಂಬತ್ತಕ್ಕೆ ಬಂದವನಿಗೆ ತಂದೆಯೊಡನೆ ಮಾತನಾಡಲು ಹೊತ್ತೆಲ್ಲಿ? ವಾರ್ಡಿನ ನಲ್ಲಿ ಏಕೆ ನಿಂತಿತು, ರಾಜಕಾಲುವೆಯನ್ನು ಯಾರು ಒತ್ತಿದರು ಎಂಬುದು ಅವನಿಗೆ ತಿಳಿಯುವುದೇ ಇಲ್ಲ. ಪಟ್ಟಣದ ಕೊರತೆ, ಮಹಾನಗರದ ದಣಿವು ಎರಡೂ ಅವನ ಪಾಲಿಗೆ. ಎರಡರ ಸುಖವೂ ಅವನಿಗಿಲ್ಲ. ಊರಿನ ಒಳಿತು ಊರಿಗೆ ಹೊತ್ತು ಕೊಟ್ಟವನಿಗೆ ಮಾತ್ರ ದಕ್ಕುತ್ತದೆ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಊರಿನ ದೃಷ್ಟಿಯಿಂದಲೂ ಇದನ್ನು ನೋಡಬೇಕು. ನೆರೆಯ ಕೋಲಾರ ಚಿನ್ನದ ಗಣಿಗೆ 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು ಬಂದಿತ್ತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಅಷ್ಟು ಮುಂದಿದ್ದ ಊರು ಒಂದೇ ದುಡಿಮೆಯನ್ನು ನಂಬಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಅಲ್ಲಿಯ ಸಾವಿರಾರು ಜನ ನಿತ್ಯವೂ ರೈಲು ಹತ್ತಿ ಬೆಂಗಳೂರಿಗೆ ಹೋಗತೊಡಗಿದರು. ಸಂಬಳ ತರುವ ಕೈಗಳೆಲ್ಲ ಹೊರಗೇ ದುಡಿದರೆ ಊರಿನ ಶಾಲೆ, ಕೆರೆ, ಆಸ್ಪತ್ರೆಗಳನ್ನು ಕೇಳುವವರು ಯಾರು?

ಆದುದರಿಂದ ಗೃಹಸ್ಥರಿಗೆ ನಮ್ಮ ಸಲಹೆ ಇಷ್ಟು. ಮಗ ಅಥವಾ ಸೊಸೆಗೆ ನರಸಾಪುರ, ಮಾಲೂರಿನ ಕೈಗಾರಿಕಾ ಪ್ರದೇಶಗಳಲ್ಲಿಯೋ, ಶಾಲೆ, ಆಸ್ಪತ್ರೆ, ವ್ಯಾಪಾರಗಳಲ್ಲಿಯೋ ತಕ್ಕ ಕೆಲಸವಿದ್ದರೆ, ಸಂಬಳ ತುಸು ಕಡಿಮೆಯಾದರೂ ಇಲ್ಲಿಯೇ ನಿಲ್ಲಿರಿ. ಮನೆಯಲ್ಲಿ ದೊಡ್ಡ ಆಸ್ಪತ್ರೆಯ ಚಿಕಿತ್ಸೆ ಪದೇ ಪದೇ ಬೇಕಾದವರಿದ್ದರೆ, ಇಲ್ಲವೇ ಕಲಿತ ವಿದ್ಯೆಗೆ ಇಲ್ಲಿ ಕೆಲಸವೇ ಇಲ್ಲದಿದ್ದರೆ, ಸಂಕೋಚವಿಲ್ಲದೆ ಹೋಗಿರಿ, ಹೋಗುವುದು ತಪ್ಪಲ್ಲ. ಆದರೆ ಮನೆಯನ್ನು ಮಾತ್ರ ಅವಸರದಿಂದ ಮಾರಬೇಡಿರಿ. ಅದನ್ನು ಒಂದು ವರ್ಷ ಬಾಡಿಗೆಗೆ ಕೊಟ್ಟು, ನೀವೂ ಅಲ್ಲಿ ಬಾಡಿಗೆಗೆ ಇದ್ದು ನೋಡಿರಿ. ವರ್ಷ ತುಂಬಿದ ಮೇಲೆ ವೃದ್ಧರನ್ನೂ ಮಕ್ಕಳನ್ನೂ ಜೊತೆಯಲ್ಲಿ ಕೂರಿಸಿಕೊಂಡು, ಎಲ್ಲರ ಮಾತು ಕೇಳಿ ತೀರ್ಮಾನಿಸಿರಿ.