ದಿಂಬಿನ ಬದಿಯ ದೀಪ



ಮನೆಗೆ ದೊಡ್ಡ ವಸ್ತುವೊಂದನ್ನು ಕೊಳ್ಳುವಾಗ ನಾವೆಲ್ಲ ಕುಳಿತು ಆಲೋಚಿಸುತ್ತೇವೆ, ನಾಲ್ಕು ಅಂಗಡಿ ತಿರುಗುತ್ತೇವೆ. ಚಿಕ್ಕ ವಸ್ತುವಿನ ವಿಷಯದಲ್ಲಿ ಅಷ್ಟು ವಿಚಾರ ಮಾಡುವುದಿಲ್ಲ. ಆದರೆ ಚಿಕ್ಕ ವಸ್ತುವೊಂದು ಮನೆಯ ಹಿರಿಯರ ನಿತ್ಯದ ನೆಮ್ಮದಿಯನ್ನು ಕಸಿಯಬಲ್ಲುದು, ಮರಳಿ ಕೊಡಲೂ ಬಲ್ಲುದು. ಈ ತಿಂಗಳು ನಾವು ಬರೆಯಹೊರಟಿರುವುದು ಅಂಥದೊಂದು ವಸ್ತುವಿನ ಬಗೆಗೆ: ಹಾಸಿಗೆಯಲ್ಲಿ ಒರಗಿ ಓದುವವರಿಗೆ ಬೇಕಾದ ಬ್ಯಾಟರಿ ದೀಪ.

ಉದ್ಯೋಗದ ನಿಮಿತ್ತ ಬಯಲುಸೀಮೆಯಿಂದ ಬಂದು ಪುತ್ತೂರಿನಲ್ಲಿ ನೆಲೆಸಿದ ಕುಟುಂಬ ನಮ್ಮದು. ಪುತ್ತೂರು, ಸುಳ್ಯ, ಹಾಗೂ ಈ ಎರಡು ತಾಲೂಕುಗಳ ಹಳ್ಳಿಗಳನ್ನು ಸೇರಿಸಿ ಈಚಿನ ವರ್ಷಗಳಲ್ಲಿ ರಚಿತವಾದ ಕಡಬ, ಇವು ಮೂರೂ ಅಡಿಕೆ ತೋಟ, ರಬ್ಬರ್ ತೋಟ ಮತ್ತು ಕಾಡುಗಳು ಒಂದರೊಳಗೊಂದು ಹೆಣೆದುಕೊಂಡ ಸೀಮೆ. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಸುರಿಯುತ್ತದೆ. ವಿದ್ಯುತ್ ತಂತಿಗಳು ತೋಟ, ಕಾಡುಗಳ ನಡುವೆ ಹಾದು ಬರುವುದರಿಂದ ಗಾಳಿಗೆ ಒಂದು ಕೊಂಬೆ ಮುರಿದುಬಿದ್ದರೂ ಹತ್ತಾರು ಮನೆಗಳು ಕತ್ತಲಾಗುತ್ತವೆ. ಆಟಿ ತಿಂಗಳ ರಾತ್ರಿ ಹೋದ ಕರೆಂಟು ಬೆಳಗಿನವರೆಗೂ ಬಾರದಿರುವುದು ಇಲ್ಲಿಯವರಿಗೆ ಹೊಸತಲ್ಲ.

ನಮ್ಮ ತಂದೆಯವರಿಗೆ ಎಂಬತ್ತು ಸಮೀಪಿಸಿದೆ. ಮಲಗುವ ಮುನ್ನ ನಾಲ್ಕಾರು ವಚನಗಳನ್ನು ಓದುವುದು ಅವರ ಐವತ್ತು ವರುಷಗಳ ರೂಢಿ. ಕಳೆದ ಮಳೆಗಾಲದ ಒಂದು ರಾತ್ರಿ ಕರೆಂಟು ಹೋದಾಗ ಅವರು ಸೊಳ್ಳೆಪರದೆಯ ಪಕ್ಕದ ಸ್ಟೂಲಿನ ಮೇಲೆ ಮೇಣದ ಬತ್ತಿ ಹಚ್ಚಿಟ್ಟು ಓದುತ್ತ, ಹಾಗೆಯೇ ತೂಕಡಿಸಿದರು. ಗಾಳಿಗೆ ಪರದೆಯ ಅಂಚು ಬತ್ತಿಗೆ ತಗುಲಿತು. ಸುಟ್ಟ ವಾಸನೆಗೆ ತಾಯಿಯವರು ಎಚ್ಚತ್ತು ತಂಬಿಗೆಯ ನೀರನ್ನು ಸುರಿದುದರಿಂದ ಅನಾಹುತವು ಅಂಗೈ ಅಗಲದ ತೂತಿನೊಂದಿಗೆ ಮುಗಿಯಿತು. ಅದೇ ಮಂಚದಲ್ಲಿ ನಾಲ್ಕು ವರ್ಷದ ಮೊಮ್ಮಗನೂ ಮಲಗಿದ್ದ.

ಅಂದಿನಿಂದ ತಂದೆಯವರು ರಾತ್ರಿಯ ಓದನ್ನೇ ನಿಲ್ಲಿಸಿಬಿಟ್ಟರು. ಕರೆಂಟು ಇದ್ದ ರಾತ್ರಿಗಳಲ್ಲಿಯೂ ಟ್ಯೂಬ್‌ಲೈಟು ಉರಿಸಿದರೆ ತಾಯಿಯವರಿಗೂ ಮಗುವಿಗೂ ನಿದ್ರೆ ಇರದು ಎಂದು ಪುಸ್ತಕವನ್ನು ಕಪಾಟಿನಲ್ಲಿಟ್ಟರು. “ವಯಸ್ಸಾತು, ಓದಿದ್ದು ಸಾಕು” ಎಂದರು. ಮೇಣದ ಬತ್ತಿಯ ಘಟನೆಗಿಂತ ಈ ಮಾತೇ ನಮ್ಮನ್ನು ಹೆಚ್ಚು ನೋಯಿಸಿತು. ಬೆಳಕಿಲ್ಲವೆಂಬ ಕಾರಣಕ್ಕೆ ಹಿರಿಯರ ಓದು ನಿಲ್ಲಬಾರದು ಎಂದು ನಾವು ದೀಪವನ್ನು ಹುಡುಕತೊಡಗಿದೆವು.

ಮೊದಲು ತಂದದ್ದು ಪುಸ್ತಕದ ರಟ್ಟಿಗೆ ಸಿಕ್ಕಿಸುವ ಪುಟ್ಟ ಕ್ಲಿಪ್ ದೀಪ. ಬೆಲೆ ಕಡಿಮೆ, ನೋಟಕ್ಕೆ ಚೆಂದ. ಅದರೊಳಗೆ ಇದ್ದವು ನಾಣ್ಯದಾಕಾರದ ಸೆಲ್ಲುಗಳು. ಮೂರನೆಯ ದಿನವೇ ಅದರ ಮುಚ್ಚಳ ಬಿಚ್ಚಿಕೊಂಡು, ಒಂದು ಸೆಲ್ಲು ಮೊಮ್ಮಗನ ಮುಷ್ಟಿಯಲ್ಲಿ ಸಿಕ್ಕಿತು. ಬಾಯಿಗೆ ಹೋಗುವ ಮೊದಲೇ ಕಂಡದ್ದು ನಮ್ಮ ಪುಣ್ಯ. ಸಣ್ಣ ಮಕ್ಕಳಿರುವ ಮನೆಯವರು ಈ ಮಾತನ್ನು ನೆನಪಿಡಬೇಕು: 20 ಮಿಲಿಮೀಟರ್ ಅಗಲದ ‘ಸಿ.ಆರ್. 2032’ ಎಂಬಂಥ ಸೆಲ್ಲನ್ನು ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಒದ್ದೆಯಾದ ಒಳಚರ್ಮದ ಮೂಲಕ ವಿದ್ಯುತ್ ಹರಿದು ಅಲ್ಲಿ ಕ್ಷಾರ ಉಂಟಾಗುತ್ತದೆ. ಎರಡು ಗಂಟೆಗಳೊಳಗೆ ತೀವ್ರವಾದ ಸುಟ್ಟಗಾಯ ಆಗಬಹುದು. ಸೆಲ್ಲು ಹಳೆಯದು, ದೀಪ ಉರಿಸಲಾರದು ಎಂಬ ಧೈರ್ಯವೂ ಸಲ್ಲದು. ನುಂಗಿದ ಸಂಶಯ ಬಂದರೂ ಸಾಕು, ವಾಂತಿ ಮಾಡಿಸುವ ಯತ್ನಕ್ಕೆ ಹೋಗದೆ, ಎಕ್ಸ್‌ರೇ ಸೌಕರ್ಯವಿರುವ ಆಸ್ಪತ್ರೆಗೆ ತಡಮಾಡದೆ ಒಯ್ಯಬೇಕು. ನಾವು ಆ ದೀಪವನ್ನು ಅಂದೇ ಮನೆಯಿಂದ ಹೊರಹಾಕಿದೆವು.

ಎರಡನೆಯ ಸಲಹೆ ಸುಳ್ಯದ ಅಂಗಡಿಯೊಂದರಲ್ಲಿ ದೊರೆಯಿತು. ಆ ಭಾಗದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುವವರು ನಸುಕಿಗೆ ಮುನ್ನವೇ ತಲೆಗೆ ಲೈಟು ಕಟ್ಟಿಕೊಂಡು ತೋಟಕ್ಕೆ ಇಳಿಯುತ್ತಾರೆ. “ಎರಡೂ ಕೈ ಖಾಲಿ ಇರುತ್ತದೆ, ಓದಲಿಕ್ಕೂ ಒಳ್ಳೆಯದೇ ಮಾರಾಯ್ರೆ” ಎಂದು ಅಂಗಡಿಯವರು ಅದನ್ನೇ ತೋರಿಸಿದರು. ಮಾತು ಸುಳ್ಳಲ್ಲ, ದೃಷ್ಟಿ ಹೋದಲ್ಲಿಗೆ ಬೆಳಕೂ ಹೋಗುತ್ತದೆ. ಆದರೆ ಮರದ ಕಾಂಡಕ್ಕೆ ಬೇಕಾದ ಪ್ರಖರತೆ ಬಿಳಿಯ ಕಾಗದಕ್ಕೆ ಬೇಡ. ಮೇಲಾಗಿ ತಂದೆಯವರು ತಲೆ ಹೊರಳಿಸಿದಾಗಲೆಲ್ಲ ಬೆಳಕು ನೇರವಾಗಿ ತಾಯಿಯವರ ಮುಖಕ್ಕೆ ಬಡಿಯುತ್ತಿತ್ತು. ಒಬ್ಬರೇ ಮಲಗುವ ಕೋಣೆಗೆ ಅದು ಆದೀತು, ಜೊತೆಯಲ್ಲಿ ಮಲಗುವವರಿದ್ದರೆ ಆಗದು.

ನಮಗೆ ಸರಿಯಾದ ದಾರಿ ತೋರಿದವರು ಕಡಬದ ಕಡೆಯ ಪರಿಚಿತರ ಮನೆಯ ಹಿರಿಯ ತಾಯಿಯೊಬ್ಬರು. ಅವರ ತಲೆದಿಂಬಿನ ಬದಿಯಲ್ಲಿ ಬಾಗುವ ಕತ್ತಿನ ದೀಪವೊಂದು ಮಂಚದ ಪಟ್ಟಿಗೆ ಕಚ್ಚಿಕೊಂಡಿತ್ತು. ಅದರ ಬೆಳಕು ಪುಸ್ತಕದ ಎರಡು ಪುಟಗಳನ್ನು ಮಾತ್ರ ತುಂಬಿ ಅಲ್ಲಿಗೇ ನಿಲ್ಲುತ್ತಿತ್ತು. ಮಗ್ಗುಲಲ್ಲಿ ಮಲಗಿದ್ದ ಮೊಮ್ಮಗಳ ಮುಖ ಕತ್ತಲಲ್ಲಿಯೇ ಇತ್ತು. ದೀಪ ಎಷ್ಟು ಪ್ರಕಾಶಮಾನವೆಂಬುದಕ್ಕಿಂತ ಅದರ ಬೆಳಕು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲು ನೋಡಬೇಕೆಂದು ನಮಗೆ ಅಂದು ತಿಳಿಯಿತು.

ಇನ್ನು ಅಂಗಡಿಗೆ ಹೋದಾಗ ಗಮನಿಸಬೇಕಾದ ಸಂಗತಿಗಳನ್ನು ಹೇಳುತ್ತೇವೆ.

ಬೆಳಕಿನ ಪ್ರಮಾಣ: ಡಬ್ಬಿಯ ಮೇಲೆ ‘ಲ್ಯೂಮೆನ್’ ಎಂಬ ಅಳತೆ ಇರುತ್ತದೆ. ಓದಲು ಪುಟದ ಮೇಲೆ 300ರಿಂದ 500 ಲಕ್ಸ್ ಬೆಳಕು ಬಿದ್ದರೆ ಸಾಕೆಂದು ಸಾಮಾನ್ಯ ಲೆಕ್ಕ. ತೆರೆದ ಪುಸ್ತಕ ಸುಮಾರು 30 ಸೆಂಟಿಮೀಟರ್ ಅಗಲ, 22 ಸೆಂಟಿಮೀಟರ್ ಎತ್ತರ ಇರುತ್ತದೆ. 40 ಲ್ಯೂಮೆನ್ ದೀಪದ ಅರ್ಧ ಬೆಳಕು ಮಾತ್ರ ಅದರ ಮೇಲೆ ಬಿದ್ದರೂ ಸುಮಾರು 300 ಲಕ್ಸ್ ಆಗುತ್ತದೆ. ಆದ್ದರಿಂದ ನೂರು ಇನ್ನೂರು ಲ್ಯೂಮೆನ್ ಎಂಬ ಜಾಹೀರಾತಿಗೆ ಮರುಳಾಗಬೇಕಿಲ್ಲ. ಆದರೆ ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗಿ ಮಸೂರ ಮಬ್ಬಾಗುವುದರಿಂದ, ಇಪ್ಪತ್ತರ ಕಣ್ಣಿನೊಳಕ್ಕೆ ಹೋಗುವ ಬೆಳಕಿನ ಸುಮಾರು ಮೂರನೆಯ ಒಂದು ಭಾಗ ಮಾತ್ರ ಅರವತ್ತರ ಕಣ್ಣಿನೊಳಕ್ಕೆ ಹೋಗುತ್ತದೆ. ಹೀಗಾಗಿ ಬೆಳಕನ್ನು ಮೂರು ಹಂತಗಳಲ್ಲಿ ಏರಿಸಿ ಇಳಿಸಬಹುದಾದ ದೀಪವೇ ಹಿರಿಯರಿಗೆ ಸೂಕ್ತ. ಬೆಳಕು ಸಾಲದೆನಿಸಿದರೆ ದೀಪವನ್ನು ಹತ್ತಿರ ತರುವುದೂ ಒಂದು ಉಪಾಯ. ದೂರ ಅರ್ಧವಾದರೆ ಬೆಳಕು ಸುಮಾರು ನಾಲ್ಕು ಪಟ್ಟಾಗುತ್ತದೆ.

ಬೆಳಕಿನ ಬಣ್ಣ: ‘ಕೆಲ್ವಿನ್’ ಎಂಬ ಸಂಖ್ಯೆ ಇದನ್ನು ಹೇಳುತ್ತದೆ. 6,500 ಎಂದಿದ್ದರೆ ನೀಲಿ ಮಿಶ್ರಿತ ಬಿಳಿ. 2,700ರಿಂದ 3,000 ಎಂದಿದ್ದರೆ ಹಳೆಯ ಬಲ್ಬಿನಂಥ ಹೊಂಬಣ್ಣ. ನೀಲಿ ಹೆಚ್ಚಿರುವ ಬೆಳಕು ನಿದ್ರೆಗೆ ಸಂಬಂಧಿಸಿದ ಮೆಲಟೋನಿನ್ ಎಂಬ ರಸವನ್ನು ತಗ್ಗಿಸುವುದರಿಂದ ರಾತ್ರಿಯ ಓದಿಗೆ ಹೊಂಬಣ್ಣವೇ ಲೇಸು. ಮಳೆ ಬಿಟ್ಟ ಸಂಜೆ ಮನೆಯೊಳಗೆ ನುಗ್ಗುವ ರೆಕ್ಕೆಹುಳುಗಳೂ ಇದಕ್ಕೆ ಕಡಿಮೆ ಮುತ್ತುತ್ತವೆ.

ಬ್ಯಾಟರಿ: ಪೆನ್ಸಿಲ್ ಸೆಲ್ಲಿನ ದೀಪವಾದರೆ, ಕರೆಂಟು ಎರಡು ದಿನ ಬಾರದಿದ್ದರೂ ಅಂಗಡಿಯಿಂದ ಸೆಲ್ಲು ತಂದು ಹಾಕಬಹುದು, ಮತ್ತೆ ಮತ್ತೆ ಚಾರ್ಜು ಮಾಡುವ ನಿಕಲ್ ಸೆಲ್ಲುಗಳನ್ನೂ ಬಳಸಬಹುದು. ಒಳಗೇ ಲಿಥಿಯಂ ಬ್ಯಾಟರಿ ಇರುವ ದೀಪ ಹಗುರ, ಮೊಬೈಲಿನ ಚಾರ್ಜರಿನಿಂದಲೇ ತುಂಬಿಕೊಳ್ಳುತ್ತದೆ. ಆದರೆ ಬ್ಯಾಟರಿ ಸತ್ತರೆ ಅನೇಕ ವೇಳೆ ದೀಪವನ್ನೇ ಬದಲಿಸಬೇಕು. ಬಾಳಿಕೆಯ ಲೆಕ್ಕ ಸುಲಭ: 1,200 ಮಿಲಿಆಂಪ್ ಅವರ್ ಬ್ಯಾಟರಿಯಿಂದ ದೀಪವು 100 ಮಿಲಿಆಂಪ್ ಎಳೆದರೆ ಸುಮಾರು 12 ಗಂಟೆ. ಡಬ್ಬಿಯ ಮೇಲೆ ಬರೆದ ದೊಡ್ಡ ಸಂಖ್ಯೆ ಸಾಮಾನ್ಯವಾಗಿ ಅತಿ ಮಂದ ಬೆಳಕಿನದೆಂದು ತಿಳಿಯಬೇಕು.

ಕೈಯ ಅನುಕೂಲ: ಗುಂಡಿಯು ಕತ್ತಲಲ್ಲಿ ಕೈತಡವಿಗೆ ಸಿಗಬೇಕು, ಹಿರಿಯರ ಬೆರಳಿನ ಬಲಕ್ಕೆ ಒತ್ತಲು ಬರಬೇಕು. ಓದುತ್ತಲೇ ನಿದ್ರೆ ಹೋಗುವವರಿಗೆ ಅರ್ಧ ಗಂಟೆಯಲ್ಲಿ ತಾನೇ ಆರುವ ವ್ಯವಸ್ಥೆ ಇದ್ದರೆ ಉತ್ತಮ. ದೀಪವನ್ನು ಮೊಬೈಲಿನ ಕ್ಯಾಮೆರಾದ ಮುಂದೆ ಹಿಡಿದು ನೋಡಿದಾಗ ದಟ್ಟವಾದ ಕಪ್ಪುಪಟ್ಟಿಗಳು ಓಡಾಡಿದರೆ ಬೆಳಕು ಮಿನುಗುತ್ತಿದೆ ಎಂದರ್ಥ. ಅಂಥದು ಕೆಲವರಿಗೆ ಕಣ್ಣು ದಣಿಸಿ ತಲೆನೋವು ತರುತ್ತದೆ.

ಕೊಂಡ ಮೇಲೂ ಕೆಲವು ಎಚ್ಚರಿಕೆಗಳು ಬೇಕು. ಲಿಥಿಯಂ ದೀಪವನ್ನು ಹಾಸಿಗೆಯ ಮೇಲೆ, ದಿಂಬಿನ ಕೆಳಗೆ ಇಟ್ಟು ಚಾರ್ಜು ಮಾಡಲೇಬಾರದು. ಹಗಲಿನಲ್ಲಿ ಕಣ್ಣೆದುರಿಗೆ, ಗಟ್ಟಿ ನೆಲದ ಮೇಲೆ ಮಾಡಬೇಕು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು. ಈ ಸೀಮೆಯ ತೇವದಲ್ಲಿ ಸೆಲ್ಲಿನ ತುದಿಗಳಿಗೆ ಕಿಲುಬು ಬೇಗ ಹತ್ತುತ್ತದೆ. ಬಳಸದ ತಿಂಗಳುಗಳಲ್ಲಿ ಪೆನ್ಸಿಲ್ ಸೆಲ್ಲುಗಳನ್ನು ತೆಗೆದಿಡಬೇಕು. ಮುಗಿದ ಸೆಲ್ಲುಗಳನ್ನು ತೋಟದ ಗುಂಡಿಗೆ ಎಸೆಯುವುದು ನಮ್ಮ ಬಾವಿಗೆ ನಾವೇ ಮಾಡುವ ಅಪಚಾರ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳೂ ಅವನ್ನು ಮನೆಯ ಇತರ ಕಸದಿಂದ ಬೇರ್ಪಡಿಸಿ ಕೊಡಬೇಕೆಂದು ಹೇಳುತ್ತವೆ.

ಕೊನೆಗೆ ನಾವು ತಂದದ್ದು ಬಾಗುವ ಕತ್ತಿನ, ಹೊಂಬಣ್ಣದ, ಮೂರು ಹಂತದ ಬೆಳಕಿನ ದೀಪ. ಅದಕ್ಕೆ ಮೂರು ಪೆನ್ಸಿಲ್ ಸೆಲ್ಲು, ಮುಚ್ಚಳಕ್ಕೆ ಸ್ಕ್ರೂ. ಅದನ್ನು ಮಂಚದ ಪಟ್ಟಿಗೆ ಕಚ್ಚಿಸಿ, ಕಪಾಟಿನಿಂದ ಪುಸ್ತಕವನ್ನು ತೆಗೆದು ದಿಂಬಿನ ಬಳಿ ಇಟ್ಟೆವು, ಏನನ್ನೂ ಹೇಳಲಿಲ್ಲ. ತಂದೆಯವರು ದೀಪವನ್ನು ಒಮ್ಮೆ ಒತ್ತಿ ನೋಡಿದರು, ಆರಿಸಿದರು, ಮತ್ತೆ ಒತ್ತಿದರು. ಪಕ್ಕದಲ್ಲಿ ಮಲಗಿದ್ದ ತಾಯಿಯವರ ಕಡೆಗೆ ತಿರುಗಿ ನೋಡಿ, ಕತ್ತನ್ನು ಇನ್ನಷ್ಟು ತಮ್ಮ ಕಡೆಗೆ ಬಾಗಿಸಿಕೊಂಡರು. “ಬೆಳಕು ನನಗ ಇರಲಿ, ನಿದ್ದಿ ಆಕೀಗೆ ಇರಲಿ” ಎಂದು ನಕ್ಕರು.

ಹೊರಗೆ ಮಳೆ ಬಿಡದೆ ಸುರಿಯುತ್ತಿತ್ತು. ಎಂಟೂವರೆಗೆ ಹೋದ ಕರೆಂಟು ಇನ್ನೂ ಬಂದಿರಲಿಲ್ಲ. ಕನ್ನಡಕ ಏರಿಸಿಕೊಂಡು ಅವರು ಗುರುತಿನ ದಾರ ಇಟ್ಟಿದ್ದ ಪುಟವನ್ನು ತೆರೆದರು. ನಿಮ್ಮ ಮನೆಯಲ್ಲಿಯೂ “ಓದಿದ್ದು ಸಾಕು” ಎನ್ನುವ ಹಿರಿಯರಿದ್ದರೆ, ಅದು ಓದು ಸಾಕಾಗಿ ಆಡಿದ ಮಾತೋ ಬೆಳಕು ಸಾಲದೆ ಆಡಿದ ಮಾತೋ ಎಂಬುದನ್ನು ಒಮ್ಮೆ ವಿಚಾರಿಸಿ ನೋಡಿರೆಂದು ನಮ್ಮ ವಿನಂತಿ.