ದಿಬ್ಬ ಅಗೆಯುವ ಮುನ್ನ ಮಕ್ಕಳ ಉಸಿರು ಅಳೆಯಿರಿ

ಕೋಲಾರ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು, ಅಂದರೆ ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ರಾಶಿಗಳನ್ನು, ಮತ್ತೆ ಅಗೆಯುವ ಸಂಗತಿ ಈಗ ಬರೀ ಮಾತಾಗಿ ಉಳಿದಿಲ್ಲ. ಸಾವಿರ ಎಕರೆಯಷ್ಟು ಜಾಗದಲ್ಲಿ ಹರಡಿರುವ 13 ದಿಬ್ಬಗಳಲ್ಲಿ ಗಣಿಗಾರಿಕೆ ನಡೆಸುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲೇ ಒಪ್ಪಿಗೆ ಕೊಟ್ಟಿದೆ. ಸುಮಾರು 3.3 ಕೋಟಿ ಟನ್ ಮಣ್ಣು, ಅದರಲ್ಲಿ ಅಳಿದುಳಿದ ಚಿನ್ನ ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಅಷ್ಟೇ ಖಚಿತವಾದ ಇನ್ನೊಂದು ಲೆಕ್ಕ ನಮಗೆ ಬೇಕು: ಆ ದಿಬ್ಬಗಳ ಬುಡದಲ್ಲಿ ಗಣಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ ಬೆಳೆಯುತ್ತಿರುವ ಮಕ್ಕಳು ಇವತ್ತು ಹೇಗಿದ್ದಾರೆ? ಮೊದಲ ಯಂತ್ರ ಬಂದು ನಿಲ್ಲುವ ಮುಂಚೆಯೇ ಈ ಲೆಕ್ಕ ಆಗಬೇಕು. ಆಮೇಲೆ ತೆಗೆದ ಲೆಕ್ಕವನ್ನು ಹೋಲಿಸಿ ನೋಡಲು ಏನೂ ಇರುವುದಿಲ್ಲ.

ಜನ ಹೆದರುವುದು ಸೈನೈಡಿಗೆ. ಹೆಸರೇ ಅಂಥದ್ದು. ಆದರೆ ಸೈನೈಡ್ ಬಿಸಿಲಿಗೆ, ಗಾಳಿಗೆ ಕಾಲಕ್ರಮೇಣ ಕರಗಿಹೋಗುತ್ತದೆ. ಹೋಗದೆ ಉಳಿಯುವುದು ಅದಿರನ್ನು ಹಿಟ್ಟಿನಷ್ಟು ನುಣ್ಣಗೆ ಅರೆದ ಬೆಣಚುಕಲ್ಲಿನ ಪುಡಿ, ಅಂದರೆ ಸಿಲಿಕಾ. ಆಷಾಢದ ಗಾಳಿಗೆ ಎದ್ದು ಅಡುಗೆಮನೆಯ ಪಾತ್ರೆಯವರೆಗೂ ಬಂದು ಕೂರುವ ಬಿಳಿ ಧೂಳು ಅದೇ. ದಶಕಗಳಿಂದ ಮಳೆ ಕುಡಿದು ಗಟ್ಟಿಯಾಗಿರುವ ದಿಬ್ಬದ ಮೈಯನ್ನು ಯಂತ್ರ ಬಗೆದರೆ ಆ ಧೂಳಿಗೆ ಹೊಸ ಜೀವ ಬಂದಂತೆ.

ಸಿಲಿಕಾ ಏನು ಮಾಡುತ್ತದೆಂದು ಈ ಊರಿಗೆ ಯಾರೂ ಹೇಳಿಕೊಡಬೇಕಿಲ್ಲ. ಭಾರತದಲ್ಲಿ ಸಿಲಿಕೋಸಿಸ್, ಅಂದರೆ ಸಿಲಿಕಾ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ, ವರದಿಯಾದ ಮೊದಲ ಜಾಗ ಎಂದು ವೈದ್ಯಕೀಯ ಪಠ್ಯಪುಸ್ತಕಗಳು ಹೆಸರಿಸುವುದು ಕೋಲಾರ ಚಿನ್ನದ ಗಣಿಯನ್ನೇ. 1940ರ ದಶಕದಲ್ಲಿ ಸಾವಿರಾರು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯ ಎದೆಯಲ್ಲಿ ಆ ಕಾಯಿಲೆ ಕಂಡಿತ್ತು. ಆ ವೇಳೆಗೆ ಬ್ರಿಟಿಷರ ಜಾನ್ ಟೇಲರ್ ಕಂಪನಿ ಇಲ್ಲಿ ಅಗೆಯಲು ಶುರುಮಾಡಿ ಅರವತ್ತು ವರ್ಷ ದಾಟಿತ್ತು. ಅಷ್ಟು ತಡವಾಗಿ ಬಂದ ಅರಿವಿಗೆ ಎರಡು ತಲೆಮಾರಿನ ಗಂಡಸರು ಉಸಿರು ತೆತ್ತಿದ್ದರು, ಅವರ ಮನೆಗಳು ದುಡಿಯುವ ಕೈ ಕಳೆದುಕೊಂಡಿದ್ದವು. ಈ ಸಲ ತಡವಾದರೆ ಬೆಲೆ ತೆರುವವರು ಗಣಿಗೆ ಇಳಿಯದ ಮಕ್ಕಳು.

ಈ ಮಕ್ಕಳ ಕಷ್ಟದಲ್ಲಿ ಧೂಳು ಅರ್ಧ ಮಾತ್ರ, ಇನ್ನರ್ಧ ಮನೆಯಲ್ಲಿ ಇಲ್ಲದ ತಂದೆ ತಾಯಿ. 2001ರ ಫೆಬ್ರವರಿ 28ರಂದು ಗಣಿ ನಡೆಸುತ್ತಿದ್ದ ಸರ್ಕಾರಿ ಕಂಪನಿ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಈ ಊರಿನ ಸಂಸಾರಗಳು ಬದುಕುತ್ತಿರುವುದು ರೈಲಿನ ಮೇಲೆ. ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ್, ಬೆಮಲ್ ನಗರ ಎಂದು ನಿಲ್ದಾಣ ನಿಲ್ದಾಣದಲ್ಲೂ ಜನ ತುಂಬಿಕೊಂಡು ಬೆಳಗಿನ ಜಾವದ ಗಾಡಿ ಬಂಗಾರಪೇಟೆಗೆ ಬರುತ್ತದೆ. ಅಲ್ಲಿಂದ ಬೆಂಗಳೂರಿಗೆ ಇನ್ನೂ ಎಪ್ಪತ್ತು ಕಿಲೋಮೀಟರ್. ಅಪ್ಪ ಸೆಕ್ಯುರಿಟಿ ಕೆಲಸಕ್ಕೋ ಕಟ್ಟಡದ ಕೆಲಸಕ್ಕೋ, ಅಮ್ಮ ಗಾರ್ಮೆಂಟ್ಸಿಗೋ ಹೋದರೆ ಮನೆ ಮುಟ್ಟುವುದು ರಾತ್ರಿಗೆ. ಬೆಳಿಗ್ಗೆ ತಂಗಿಗೆ ಜಡೆ ಹಾಕಿ ಶಾಲೆಗೆ ಕರೆದೊಯ್ಯುವುದು ಹನ್ನೊಂದು ವರ್ಷದ ಅಕ್ಕ. ದುಡಿಯಲು ಹೋಗುವ ತಾಯಂದಿರ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಸರ್ಕಾರದ ಕೂಸಿನ ಮನೆ ಯೋಜನೆ ಒಳ್ಳೆಯದೇ, ಆದರೆ ಅದು ಗ್ರಾಮ ಪಂಚಾಯತಿಗಳಿಗೆ ಮಾಡಿದ್ದು. ನಮ್ಮ ರಾಬರ್ಟ್‌ಸನ್‌ಪೇಟೆ ನಗರಸಭೆಯ ವಾರ್ಡಿನ ಕೂಸಿಗೆ ಅದು ಸಿಗುವುದಿಲ್ಲ.

ತಂದೆ ತಾಯಿ ಮನೆಯಲ್ಲಿ ಇಲ್ಲದಿರುವುದು ಮಕ್ಕಳನ್ನು ಹೇಗೆ ತಟ್ಟುತ್ತದೆಂದು ಜಗತ್ತು ಕಲಿತದ್ದರಲ್ಲಿ ಒಂದು ಪಾಲು ಸೈನಿಕರ ಮನೆಗಳಿಂದ. ನಮ್ಮ ಗಣಿ ಮುಚ್ಚಿದ ವರ್ಷವೇ, 2001ರಲ್ಲಿ, ಅಮೆರಿಕದ ಸೇನೆ ತನ್ನ ಯೋಧರ ಆರೋಗ್ಯವನ್ನು ದಶಕಗಳ ಕಾಲ ಹಿಂಬಾಲಿಸುವ ಅಧ್ಯಯನ ಆರಂಭಿಸಿತು. ಹತ್ತು ವರ್ಷದ ಬಳಿಕ ಅವರ ಹೆಂಡತಿ, ಗಂಡಂದಿರನ್ನೂ ಅದಕ್ಕೆ ಸೇರಿಸಿತು. ದೂರ ಹೋದವರ ಕಷ್ಟ ಮನೆಯಲ್ಲಿ ಉಳಿದವರ ನಿದ್ದೆ, ಕೋಪ, ಮಕ್ಕಳ ನಡವಳಿಕೆಗಳಲ್ಲೂ ಕಾಣಿಸಿಕೊಳ್ಳುತ್ತದೆ ಎಂಬುದು ಅದಕ್ಕೆ ಮನದಟ್ಟಾಗಿತ್ತು. ದಿನವೂ ಊರು ಬಿಟ್ಟು ದಿನವೂ ಮರಳುವ ನಮ್ಮ ಕಾರ್ಮಿಕರ ಮನೆಗಳೂ ಅಂಥದೇ ಗಮನಕ್ಕೆ ಅರ್ಹ.

ಅಷ್ಟು ದೂರವೇಕೆ, ಮೈಸೂರಿಗೇ ಹೋಗೋಣ. ಅಲ್ಲಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ, ಜನ ಕರೆಯುವ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ ಬರೆದಿಟ್ಟಿತ್ತು. ಅರ್ಧ ಶತಮಾನ ಕಳೆದ ಮೇಲೆ ಸಂಶೋಧಕರು ಆ ರಿಜಿಸ್ಟರ್ ಹಿಡಿದು ಜನರನ್ನು ಹುಡುಕಿದರು. ಕಡಿಮೆ ತೂಕದ ಕೂಸುಗಳು ವಯಸ್ಸಾದಾಗ ಹೃದ್ರೋಗಕ್ಕೆ ಹೆಚ್ಚು ತುತ್ತಾಗುತ್ತವೆ ಎಂಬ ಸಂಗತಿ ಭಾರತದ ಮಟ್ಟಿಗೆ ಬೆಳಕಿಗೆ ಬಂದದ್ದು ಹಾಗೆ. ಅದಕ್ಕೆ ಮೂಲವಾದದ್ದು ಹೆರಿಗೆ ವಾರ್ಡಿನ ಒಂದು ತಕ್ಕಡಿ ಮತ್ತು ಸಾಲು ತಪ್ಪದೆ ಬರೆದ ಕೈಗಳು. ನಮ್ಮ ಗಣಿ ಆಸ್ಪತ್ರೆಯ ಹಳೆಯ ಕಡತಗಳಲ್ಲಿ ಒಂದು ಕಟ್ಟು ಉಳಿದಿದ್ದರೂ ಅದನ್ನು ಗೆದ್ದಲಿಗೆ, ಗುಜರಿಗೆ ಬಿಡಬಾರದು.

ಈಗ ಮಾಡಬೇಕಾದದ್ದು ಕೈಗೆ ಎಟುಕದ ಕೆಲಸವಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಹೇಗೂ ಶಾಲೆ, ಅಂಗನವಾಡಿಗಳಿಗೆ ಹೋಗುತ್ತವೆ. ಅವರ ಕೈಗೆ ಉಸಿರಿನ ಬಲ ಅಳೆಯುವ ಸ್ಪೈರೋಮೀಟರ್ ಕೊಡಿ. ಎತ್ತರ, ತೂಕದ ಜೊತೆಗೆ ಕೆಮ್ಮು, ನಿದ್ದೆ, ಶಾಲೆಗೆ ತಪ್ಪಿಸಿದ ದಿನ, ಸಂಜೆ ಮನೆಯಲ್ಲಿ ಜೊತೆಗೆ ಯಾರಿರುತ್ತಾರೆ ಎಂಬುದನ್ನೂ ಬರೆಸಿ. ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜು ಜಿಲ್ಲೆಯಲ್ಲೇ ಇದೆ. ಮಕ್ಕಳ ಮನಸ್ಸಿನ ವಿಚಾರಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಒಂದು ರೈಲು ಪ್ರಯಾಣದ ದೂರ. ದಿಬ್ಬದಿಂದ ದೂರವಿರುವ ಬಂಗಾರಪೇಟೆಯ ಮಕ್ಕಳನ್ನೂ ಸೇರಿಸಬೇಕು, ಆಗಲೇ ಧೂಳಿನ ಪಾಲೆಷ್ಟು, ರೈಲಿನ ಪಾಲೆಷ್ಟು ಎಂದು ಬಿಡಿಸಿ ಹೇಳಲು ಸಾಧ್ಯ. ಪ್ರಶ್ನೆಗಳು ಕನ್ನಡದಲ್ಲಷ್ಟೇ ಇದ್ದರೆ ಸಾಲದು. ಲೈನ್ ಮನೆಗಳ ಅಜ್ಜಿಯರು ಉತ್ತರಿಸುವುದು ತಮಿಳಿನಲ್ಲಿ, ಬೇತಮಂಗಲದ ಕಡೆ ತೆಲುಗು, ಪೇಟೆಯ ಎಷ್ಟೋ ಮನೆಗಳಲ್ಲಿ ಉರ್ದು.

ಗುತ್ತಿಗೆಯ ಕರಾರಿನಲ್ಲಿ ಒಂದು ಷರತ್ತು ಸೇರಲೇಬೇಕು: ಅಗೆಯುವವರು ಮೊದಲ ಸಮೀಕ್ಷೆಗೂ ಪ್ರತಿ ವರ್ಷದ ಮರುಪರೀಕ್ಷೆಗೂ ಹಣ ಕಟ್ಟಬೇಕು, ಆದರೆ ಅಳೆಯುವವರು ಅವರ ನೌಕರರಾಗಿರಬಾರದು. ಬಂದ ಫಲಿತಾಂಶವನ್ನು ನಗರಸಭೆಯ ಗೋಡೆಯ ಮೇಲೆ ಆಯಾ ಭಾಷೆಯಲ್ಲಿ ಅಂಟಿಸಬೇಕು. ಧೂಳಿನ ಮಟ್ಟ ಮಿತಿ ಮೀರಿದ ದಿನ ಕೆಲಸ ನಿಲ್ಲಿಸುವ ಅಧಿಕಾರ ಜಿಲ್ಲಾಧಿಕಾರಿಗೆ ಇರಬೇಕು. ಆ ಮಿತಿ ಎಷ್ಟೆಂಬುದನ್ನು ಕರಾರಿಗೆ ಸಹಿ ಬೀಳುವ ಮೊದಲೇ ಊರಿನವರಿಗೆ ತಿಳಿಸಬೇಕು.